ಮನೆ ಕೆಲಸಕ್ಕೆ ಸಾಮಾನು ಯಾವತ್ತು ಆರ್ಡರ್ ಮಾಡಬೇಕು? ಹಿಂದಿನಿಂದ ಎಣಿಸುವ ಲೆಕ್ಕ

ತಾರಸಿಯ ಕಾಂಕ್ರೀಟು ಸುರಿಯಲು ಕಟ್ಟುವ ಅಚ್ಚು, ಅಂದರೆ ಸೆಂಟ್ರಿಂಗ್, ಮುಗಿದಿದೆ. ಶೀಟಿಗೆ ಎಣ್ಣೆ ಬಳಿದಾಗಿದೆ. ಕಂಬಿ ಕಟ್ಟುವವರು ನಾಲ್ಕು ಜನ ಬೆಳಗ್ಗೆ ಎಂಟಕ್ಕೇ ಬಂದು ಕೂತಿದ್ದಾರೆ. ಕಂಬಿ ಮಾತ್ರ ಬಂದಿಲ್ಲ. ಅಂಗಡಿಗೆ ಫೋನ್ ಮಾಡಿದರೆ "ನಾಳೆ ಬರುತ್ತೆ ಸಾರ್" ಎನ್ನುತ್ತಾರೆ. ನಾಳೆಯೂ ಬರಲಿಲ್ಲ. ಮೂರನೇ ದಿನ ಮಧ್ಯಾಹ್ನ ಲಾರಿ ಬಂದಾಗ ಕಂಬಿ ಕಟ್ಟುವವರು ಬೇರೆ ಸೈಟಿಗೆ ಹೋಗಿಯಾಗಿತ್ತು. ಅಲ್ಲಿನ ಕೆಲಸ ಮುಗಿಸಿ ಅವರು ವಾಪಸ್ ಬಂದದ್ದು ಒಂಬತ್ತು ದಿನದ ಮೇಲೆ.

ಮೈಸೂರಿನ ಕಡೆ ಸೈಟ್ ಎಂಜಿನಿಯರ್ ಆಗಿ ಕೆಲಸ ಮಾಡುವ ನಾನು ಇಂಥ ಬೆಳಗನ್ನು ತುಂಬಾ ಸಲ ನೋಡಿದ್ದೇನೆ. ಸಾಮಾನು ಎರಡು ದಿನ ತಡವಾದರೆ ಕೆಲಸವೂ ಎರಡೇ ದಿನ ತಡ ಅಂತ ಮನೆ ಕಟ್ಟಿಸುವವರು ಅಂದುಕೊಂಡಿರುತ್ತಾರೆ. ಹಾಗಾಗುವುದಿಲ್ಲ. ಕೆಲಸದವರು ಕೈ ಕಟ್ಟಿ ಕೂರಲಾರರು, ಅವರಿಗೂ ದಿನಗೂಲಿ ಬೇಕು. ಒಮ್ಮೆ ತಂಡ ಕೈ ತಪ್ಪಿದರೆ ಎರಡು ದಿನದ ತಡ ಹತ್ತು ದಿನ ಆಗುತ್ತೆ. ಅಷ್ಟೂ ದಿನ ಸೆಂಟ್ರಿಂಗ್ ಶೀಟು, ಅದಕ್ಕೆ ಅಡಿಯಿಂದ ಆನಿಸುವ ಜಾಕಿಗಳ ಬಾಡಿಗೆ ಏರುತ್ತಲೇ ಇರುತ್ತೆ.

ಇದನ್ನು ತಪ್ಪಿಸಲು ದೊಡ್ಡ ಸಾಫ್ಟ್‌ವೇರ್ ಬೇಡ. ಒಂದು ಉದ್ದ ನೋಟ್‌ಬುಕ್, ಒಂದು ಕ್ಯಾಲೆಂಡರ್, ವಾರಕ್ಕೆ ಅರ್ಧ ಗಂಟೆ ಸಾಕು. 30×40 ಸೈಟಿನಲ್ಲಿ ಕೆಳಗೆ ಮೇಲೆ ಎರಡು ಅಂತಸ್ತಿನ ಮನೆ ಕಟ್ಟಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಸಾಮಾನು ಸಮೇತ ಕಾಂಟ್ರಾಕ್ಟ್ ಕೊಟ್ಟವರೂ ಓದಿ. ಟೈಲ್ಸ್, ನಲ್ಲಿ, ಕಿಟಕಿ ಆರಿಸುವ ಕೆಲಸ ಹೇಗಿದ್ದರೂ ನಿಮ್ಮದೇ ಅಲ್ವಾ.

ಹೆಜ್ಜೆ 1: ಸಾಮಾನು ಸೈಟಿನಲ್ಲಿ ಇರಬೇಕಾದ ದಿನ ಬರೆಯಿರಿ

ಒಂದು ಸಂಜೆ ಮೇಸ್ತ್ರಿಯನ್ನೂ ಎಂಜಿನಿಯರನ್ನೂ ಒಟ್ಟಿಗೆ ಕೂರಿಸಿಕೊಳ್ಳಿ. ಪಾಯ, ಪ್ಲಿಂತ್ ಬೀಮ್ (ಪಾಯದ ಮೇಲಿನ ಕಾಂಕ್ರೀಟ್ ತೊಲೆ), ಕಂಬ, ಮೊದಲ ಮೋಲ್ಡ್ (ತಾರಸಿಯ ಕಾಂಕ್ರೀಟು), ಮೇಲಿನ ಮೋಲ್ಡ್, ಗೋಡೆ, ವೈರಿಂಗ್ ಪೈಪು, ಪ್ಲಾಸ್ಟರಿಂಗ್, ಟೈಲ್ಸ್, ಬಣ್ಣ. ಒಂದೊಂದೂ ಯಾವ ವಾರ ಶುರುವಾಗುತ್ತೆ ಅಂತ ಕೇಳಿ ಬರೆದುಕೊಳ್ಳಿ. ಮೇಸ್ತ್ರಿ ಹೇಳುವ ದಿನ ಹಿಂದೆಮುಂದೆ ಆಗಬಹುದು, ಪರವಾಗಿಲ್ಲ. ದಿನವೇ ಇಲ್ಲದಿದ್ದರೆ ಲೆಕ್ಕ ಶುರುವಾಗುವುದೇ ಇಲ್ಲ.

ನೋಟ್‌ಬುಕ್ಕಿನಲ್ಲಿ ಆರು ಕಾಲಂ ಎಳೆಯಿರಿ. ಸಾಮಾನು, ಯಾವ ಕೆಲಸಕ್ಕೆ, ಸೈಟಿನಲ್ಲಿ ಇರಬೇಕಾದ ದಿನ, ಬರಲು ಹಿಡಿಯುವ ದಿನ, ಆರ್ಡರ್ ಮಾಡಬೇಕಾದ ದಿನ, ನಿಜವಾಗಿ ಬಂದ ದಿನ. ಆರನೆಯದನ್ನು ಈಗ ಖಾಲಿ ಬಿಡಿ.

'ಇರಬೇಕಾದ ದಿನ' ಅಂದರೆ ಕೆಲಸ ಶುರುವಾಗುವ ದಿನಕ್ಕಿಂತ ಮುಂಚೆ. ಎಷ್ಟು ಮುಂಚೆ ಅನ್ನುವುದು ಸಾಮಾನಿನ ಮೇಲೆ ಹೋಗುತ್ತೆ. ಕಂಬಿಯನ್ನು ಅಳತೆಗೆ ಕತ್ತರಿಸಿ ಬಗ್ಗಿಸಬೇಕು, ಹಾಗಾಗಿ ಒಂದೆರಡು ದಿನ ಮುಂಚೆ ಇರಬೇಕು. ಸಿಮೆಂಟು ಹಿಂದಿನ ದಿನ ಬಂದರೂ ನಡೆಯುತ್ತೆ. ಮರದ ವಾಸ್ಕಲ್ಲು ಬಂದ ಮೇಲೆ ಪ್ರೈಮರ್ ಬಳಿದು, ಒಣಗಿಸಿ, ಆಮೇಲೆ ಪೂಜೆ ಮಾಡಿ ನಿಲ್ಲಿಸುತ್ತೀರಿ. ಅದಕ್ಕೆ ವಾರ ಬೇಕು. ಮುಹೂರ್ತ ನೋಡಿಸಿದ್ದರೆ ಆ ದಿನ ಬದಲಾಗುವುದಿಲ್ಲ, ಅದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ.

ಹೆಜ್ಜೆ 2: ಲೀಡ್ ಟೈಮಿನ ಒಳಗೆ ಏನೇನಿದೆ ನೋಡಿ

ಆರ್ಡರ್ ಕೊಟ್ಟ ಹೊತ್ತಿನಿಂದ ಸಾಮಾನು ಸೈಟಿಗೆ ಬಂದು ಬಳಸಲು ಸಿದ್ಧವಾಗುವ ತನಕದ ಸಮಯವನ್ನು ಲೀಡ್ ಟೈಮ್ ಅನ್ನುತ್ತಾರೆ. ಅಂಗಡಿಯವರು ಹೇಳುವುದು ಅದರ ಒಂದು ತುಂಡನ್ನು ಮಾತ್ರ. "ಕಿಟಕಿ ಮೂರು ವಾರ ಸಾರ್" ಅಂದರೆ ಅದು ಫ್ಯಾಕ್ಟರಿಯಲ್ಲಿ ಮಾಡುವ ಸಮಯ. ಅದಕ್ಕೆ ಮುಂಚೆ ನೀವು ಮೂರು ಕಡೆ ಕೊಟೇಶನ್ ತರಿಸುತ್ತೀರಿ. ಮನೆಯಲ್ಲಿ ಕೂತು ಬಿಳಿಯೋ ಕಂದೋ ಅಂತ ಮಾತಾಡುತ್ತೀರಿ. ಅವರು ಬಂದು ಅಳತೆ ತೆಗೆಯುತ್ತಾರೆ. ಅಡ್ವಾನ್ಸ್ ಹಾಕುತ್ತೀರಿ. ದುಡ್ಡು ಬಂದ ಮೇಲೇ ಅವರ ಮೂರು ವಾರ ಶುರು. ಮಾಡಿದ ಮೇಲೆ ಗಾಡಿ ಸಿಗಬೇಕು, ಕೂರಿಸುವ ಹುಡುಗರು ಬಿಡುವಾಗಬೇಕು. ಮೂರು ವಾರ ಅಂದದ್ದು ಏಳು ವಾರ ಆಗುವುದು ಹೀಗೆ.

ಇದರಲ್ಲಿ ಅತಿ ಉದ್ದದ ತುಂಡು ಯಾವುದು ಗೊತ್ತಾ? ಮನೆಯವರು ತೀರ್ಮಾನ ಮಾಡಲು ತೆಗೆದುಕೊಳ್ಳುವ ಸಮಯ. ನಾನು ನೋಡಿದ ಮಟ್ಟಿಗೆ ಸಣ್ಣ ಮನೆಗಳು ತಡವಾಗುವುದು ಫ್ಯಾಕ್ಟರಿಯಿಂದಲ್ಲ, ಲಾರಿಯಿಂದಲೂ ಅಲ್ಲ. ಟೈಲ್ಸ್ ಅಂಗಡಿಗೆ ಐದನೇ ಸಲ ಹೋಗಿ "ಇನ್ನೊಂದು ಕಡೆ ನೋಡೋಣ" ಅಂತ ವಾಪಸ್ ಬರುವುದರಿಂದ. ಆಸೆಪಟ್ಟು ಕಟ್ಟಿಸುವ ಮನೆ, ನಾಲ್ಕು ಕಡೆ ನೋಡಬೇಕು, ಅದು ಸರಿಯೇ. ಆ ನೋಡುವ ದಿನಗಳನ್ನೂ ನಾಲ್ಕನೇ ಕಾಲಮ್ಮಿನಲ್ಲಿ ಸೇರಿಸಿ ಅಂತಷ್ಟೇ ನನ್ನ ಮಾತು.

ಅಂಗಡಿಯಲ್ಲಿ "ಎಷ್ಟು ದಿನ ಆಗುತ್ತೆ" ಅಂತ ಕೇಳಬೇಡಿ. "ಇದು ನಿಮ್ಮ ಗೋಡೌನಿನಲ್ಲಿ ಇದೆಯಾ, ಇಲ್ಲ ತರಿಸಬೇಕಾ? ತರಿಸುವುದಾದರೆ ಎಲ್ಲಿಂದ? ಅಡ್ವಾನ್ಸ್ ಹಾಕಿದ ದಿನದಿಂದ ಲೆಕ್ಕವೋ, ಅಳತೆ ಕೊಟ್ಟ ದಿನದಿಂದಲೋ?" ಅಂತ ಕೇಳಿ. ಉತ್ತರ ಬೇರೆಯೇ ಬರುತ್ತೆ.

ಹೆಜ್ಜೆ 3: ಸಾಮಾನನ್ನು ಮೂರು ಗುಂಪು ಮಾಡಿ

ಒಂದೆರಡು ದಿನದಲ್ಲಿ ಬರುವವು ಮೊದಲ ಗುಂಪು. ಸಿಮೆಂಟು, ಬೈಂಡಿಂಗ್ ವೈರು, ಮೊಳೆ, ಪಿವಿಸಿ ಪೈಪು. ಇವನ್ನು ಮುಂಚೆ ತಂದು ಗುಡ್ಡೆ ಹಾಕಬೇಡಿ, ಖರ್ಚಾದ ಹಾಗೆ ತರಿಸಿ.

ಎರಡನೆಯವು ನಾಲ್ಕು ದಿನದಿಂದ ಎರಡು ವಾರದೊಳಗೆ ಬರುವವು. ಕಂಬಿ, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಜಲ್ಲಿ, ಸೈಜುಗಲ್ಲು, ಇಟ್ಟಿಗೆ, ಸಿಮೆಂಟ್ ಬ್ಲಾಕು. ಇವುಗಳ ತೊಂದರೆ ಏನೆಂದರೆ ಸಾಮಾನ್ಯವಾಗಿ ಬೇಗ ಬರುತ್ತವೆ, ಆದರೆ ಕ್ವಾರಿ ನಿಂತರೆ, ಲಾರಿ ಮುಷ್ಕರ ಆದರೆ, ಮಳೆ ಹಿಡಿದರೆ ಒಮ್ಮೆಲೇ ನಿಲ್ಲುತ್ತವೆ. ಇವಕ್ಕೆ ಮೂರು ನಾಲ್ಕು ದಿನ ಜಾಸ್ತಿ ಇಟ್ಟುಕೊಳ್ಳಿ. ಬ್ಲಾಕಿನ ವಿಷಯದಲ್ಲಿ ಇನ್ನೊಂದು ಎಚ್ಚರ. ಕಾಂಕ್ರೀಟ್ ಬ್ಲಾಕು ನೀರು ಕುಡಿದು ಗಟ್ಟಿಯಾಗಿ, ಒಣಗಿ, ಆಮೇಲೆ ಗೋಡೆ ಸೇರಬೇಕು. ಬೇಡಿಕೆ ಜಾಸ್ತಿ ಇದ್ದಾಗ ಮೊನ್ನೆ ಹೊಡೆದ ಹಸಿ ಬ್ಲಾಕನ್ನೇ ತುಂಬಿಸಿ ಕಳಿಸುತ್ತಾರೆ. ಅದು ಗೋಡೆಯಲ್ಲಿ ಒಣಗುತ್ತಾ ಕುಗ್ಗಿ, ಪ್ಲಾಸ್ಟರಿಂಗ್ ಬಿರುಕು ಬಿಡುತ್ತೆ. ಯಾರ್ಡಿಗೆ ಹೋಗಿ ನಿಮ್ಮ ಲಾಟ್ ಯಾವುದು, ಯಾವತ್ತು ಹೊಡೆದದ್ದು ಅಂತ ಕೇಳಿ. ಮೂರು ನಾಲ್ಕು ವಾರ ಆಗಿರುವುದನ್ನು ಗುರುತು ಮಾಡಿ, ಅಡ್ವಾನ್ಸ್ ಕೊಟ್ಟು ಅಲ್ಲೇ ಇರಿಸಿಬಿಡಿ.

ಮೂರನೆಯವು ನಿಮ್ಮ ಮನೆಗೆಂದೇ ಮಾಡಬೇಕಾದವು, ಇಲ್ಲವೇ ದೂರದಿಂದ ಬರಬೇಕಾದವು. ಯುಪಿವಿಸಿ ಕಿಟಕಿ ಸಾಮಾನ್ಯವಾಗಿ ಮೂರರಿಂದ ಐದು ವಾರ. ಮಾಡ್ಯುಲರ್ ಅಡುಗೆಮನೆ ಐದಾರು ವಾರ. ಲಿಫ್ಟ್ ಇಡಿಸುವುದಾದರೆ ಎರಡು ಮೂರು ತಿಂಗಳು. ಮುಂಬಾಗಿಲ ಮರ ಒಣಗಿದ್ದು ಸಿಗಬೇಕು, ಬಡಗಿ ಬಿಡುವಾಗಬೇಕು, ಕೆತ್ತನೆ ಇದ್ದರೆ ಇನ್ನೂ ಸಮಯ. ಟೈಲ್ಸ್ ಬಹುಪಾಲು ಗುಜರಾತಿನ ಮೋರ್ಬಿಯಿಂದ ಬರುತ್ತೆ. ನೀವು ಆರಿಸಿದ ಡಿಸೈನು ಇಲ್ಲಿನ ಗೋಡೌನಿನಲ್ಲಿ ಇಲ್ಲದಿದ್ದರೆ, ಅಲ್ಲಿ ಲಾರಿ ತುಂಬಿ ಹೊರಟ ಮೇಲೂ ಹಲವು ದಿನದ ದಾರಿ.

ಹೆಜ್ಜೆ 4: ಹಿಂದಕ್ಕೆ ಎಣಿಸಿ

ಲೆಕ್ಕ ಸುಲಭ. ಸೈಟಿನಲ್ಲಿ ಇರಬೇಕಾದ ದಿನದಿಂದ ಲೀಡ್ ಟೈಮ್ ಕಳೆಯಿರಿ, ಮತ್ತೆ ಒಂದಿಷ್ಟು ದಿನ ಮುಡಿಪಿಗೆ, ಅಂದರೆ ತಡವಾದರೆ ಕೈಯಲ್ಲಿರಲಿ ಅಂತ, ಕಳೆಯಿರಿ. ಬಂದದ್ದು ಆರ್ಡರ್ ದಿನ. ಮುಡಿಪಿನ ದಿನ ಎಲ್ಲದಕ್ಕೂ ಒಂದೇ ಬೇಡ. ತಡವಾದರೆ ಇಡೀ ಸೈಟು ನಿಲ್ಲಿಸುವ ಸಾಮಾನಿಗೆ ಜಾಸ್ತಿ, ನಿಲ್ಲಿಸದ್ದಕ್ಕೆ ಕಮ್ಮಿ.

ಒಂದು ಮೋಲ್ಡ್ ತೆಗೆದುಕೊಂಡು ಪೂರ್ತಿ ಮಾಡಿ ತೋರಿಸುತ್ತೇನೆ. ಸಾವಿರ ಚದರಡಿಯ ಸ್ಲ್ಯಾಬು, ಐದು ಇಂಚು ದಪ್ಪ. ಸ್ಲ್ಯಾಬಿಗೇ ಸುಮಾರು 12 ಘನ ಮೀಟರ್ ಕಾಂಕ್ರೀಟು. ಬೀಮು ಸೇರಿಸಿ 15 ಅಂತಿಟ್ಟುಕೊಳ್ಳಿ. ಒಂದು ಪಾಲು ಸಿಮೆಂಟು, ಒಂದೂವರೆ ಮರಳು, ಮೂರು ಜಲ್ಲಿಯ 1:1.5:3 ಮಿಶ್ರಣಕ್ಕೆ ಘನ ಮೀಟರಿಗೆ ಎಂಟು ಚೀಲ ಸಿಮೆಂಟು, ಅಂದರೆ 120 ಚೀಲ. ಮರಳು ಸುಮಾರು 220 ಘನ ಅಡಿ, 20 ಎಂಎಂ ಜಲ್ಲಿ ಸುಮಾರು 440 ಘನ ಅಡಿ. ಕಂಬಿ ಅಂದಾಜು ಒಂದೂವರೆ ಟನ್. ಇದು ಅಂದಾಜು ಮಾತ್ರ, ಖರೀದಿಸುವುದು ಎಂಜಿನಿಯರ್ ಕೊಟ್ಟ ಕಂಬಿ ಪಟ್ಟಿ ನೋಡಿಯೇ.

ಮೋಲ್ಡ್ ಹಾಕುವುದು ಮಾರ್ಚ್ 20 ಅಂತ ನಿರ್ಧರಿಸಿದ್ದೀರಿ. 19ಕ್ಕೆ ಎಂಜಿನಿಯರ್ ಬಂದು ಕಂಬಿ, ಪೈಪು ಎಲ್ಲ ನೋಡಬೇಕು. 17, 18ಕ್ಕೆ ಎಲೆಕ್ಟ್ರಿಷಿಯನ್ ಪೈಪು ಮತ್ತು ಫ್ಯಾನ್ ಬಾಕ್ಸ್ ಕೂರಿಸುತ್ತಾರೆ. ಅದಕ್ಕೆ ಮುಂಚೆ ಐದು ದಿನ ಕಂಬಿ ಕಟ್ಟುವ ಕೆಲಸ, ಅಂದರೆ 12ಕ್ಕೆ ಶುರು. ಸೆಂಟ್ರಿಂಗ್ ಎಂಟು ದಿನ, 4ಕ್ಕೆ ಶುರುವಾಗಿ 11ಕ್ಕೆ ಮುಗಿಯಬೇಕು.

ಈಗ ಸಾಮಾನು. ಕಂಬಿ 10ಕ್ಕೆ ಸೈಟಿನಲ್ಲಿ ಇರಬೇಕು. ಡೀಲರ್ ನಾಲ್ಕು ದಿನ ಅಂದಿದ್ದಾರೆ, ಮೂರು ದಿನ ಮುಡಿಪು. ಆರ್ಡರ್ ಮಾರ್ಚ್ 3. ಹಾಗಿದ್ದರೆ ಕಂಬಿ ಪಟ್ಟಿ ಎಂಜಿನಿಯರಿಂದ ಮಾರ್ಚ್ 1ಕ್ಕೆ ಕೈಗೆ ಬಂದಿರಬೇಕು. ಸೆಂಟ್ರಿಂಗ್ ಶುರುವಾಗುವುದಕ್ಕಿಂತ ಮೊದಲೇ ಕಂಬಿಗೆ ಆರ್ಡರ್ ಹೋಗಬೇಕು ಅನ್ನುವುದು ಎಣಿಸಿದ ಮೇಲೇ ಕಾಣುವುದು. ಹೆಚ್ಚಿನವರು ಸೆಂಟ್ರಿಂಗ್ ಅರ್ಧ ಎದ್ದ ಮೇಲೆ ಕಂಬಿಯ ಮಾತು ಎತ್ತುತ್ತಾರೆ.

ಪೈಪು, ಫ್ಯಾನ್ ಬಾಕ್ಸು 16ಕ್ಕೆ ಬೇಕು. ಅಂಗಡಿಯಲ್ಲಿ ಅದೇ ದಿನ ಸಿಗುತ್ತೆ. ಆದರೆ ಯಾವ ಕೋಣೆಯಲ್ಲಿ ಫ್ಯಾನ್ ಎಲ್ಲಿ, ಲೈಟ್ ಎಲ್ಲಿ ಅನ್ನುವ ನಕ್ಷೆ 10ರೊಳಗೆ ಆಗಿರಬೇಕು. ಜಲ್ಲಿ, ಮರಳು 17ಕ್ಕೆ ಬರಲಿ, 12ಕ್ಕೆ ಹೇಳಿ. ಸಿಮೆಂಟು 18ಕ್ಕೆ ಬರಲಿ, 15ಕ್ಕೆ ಹೇಳಿ, 17ರ ಬೆಳಗ್ಗೆ ಮತ್ತೊಮ್ಮೆ ಫೋನ್ ಮಾಡಿ. ಮಿಕ್ಸರ್, ಕಾಂಕ್ರೀಟು ಮೇಲೆತ್ತುವ ಲಿಫ್ಟ್ ಮಿಷನ್, ಅದನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಬಾಡಿಗೆಗೆ ಒಂದು ವಾರ ಮೊದಲೇ ಹೇಳಿ.

ಎಲ್ಲರೂ ಮರೆಯುವ ಒಂದು ಸಾಮಾನಿದೆ, ಕವರ್ ಬ್ಲಾಕು. ಕಂಬಿ ಸೆಂಟ್ರಿಂಗ್ ಶೀಟಿಗೆ ತಾಗದ ಹಾಗೆ ಅಡಿಯಲ್ಲಿ ಇಡುವ ಪುಟ್ಟ ಬಿಲ್ಲೆ, ಸ್ಲ್ಯಾಬಿಗೆ 20 ಎಂಎಂ. ಬೆಲೆ ಏನೂ ಇಲ್ಲ. ಹಿಂದಿನ ದಿನ ಸಂಜೆ ಅದಿಲ್ಲ ಅಂತ ಗೊತ್ತಾದರೆ ಹುಡುಗರು ಅಲ್ಲೇ ಬಿದ್ದಿರುವ ಜಲ್ಲಿ ಚೂರು ತೆಗೆದು ಕಂಬಿ ಕೆಳಗೆ ತಳ್ಳುತ್ತಾರೆ. ಕಾಂಕ್ರೀಟು ಹಾಕುವವರು ಮೇಲೆ ಓಡಾಡಿದ ಕೂಡಲೇ ಅದು ಜಾರುತ್ತೆ, ಕಂಬಿ ಶೀಟಿಗೆ ಕೂರುತ್ತೆ. ಕೆಲವು ವರ್ಷದ ಮೇಲೆ ತಾರಸಿಯ ಅಡಿಯಿಂದ ಸಿಮೆಂಟು ಉದುರಿ ತುಕ್ಕು ಹಿಡಿದ ಕಂಬಿ ಕಾಣುವುದು ಇಂಥ ಕಡೆಯೇ. ಕಂಬಿ ಆರ್ಡರ್ ಮಾಡುವ ದಿನವೇ ಕವರ್ ಬ್ಲಾಕನ್ನೂ ಹೇಳಿಬಿಡಿ, ದಯವಿಟ್ಟು.

ರೆಡಿಮಿಕ್ಸ್, ಅಂದರೆ ಪ್ಲಾಂಟಿನಲ್ಲೇ ಬೆರೆಸಿ ಗಾಡಿಯಲ್ಲಿ ಬರುವ ಕಾಂಕ್ರೀಟು, ತರಿಸುವುದಾದರೆ ಲೆಕ್ಕ ಬೇರೆ. ನೀರು ಬೆರೆಸಿದ ಹೊತ್ತಿನಿಂದ ಎರಡು ಗಂಟೆಯೊಳಗೆ ಗಾಡಿ ಖಾಲಿಯಾಗಬೇಕು ಅಂತ ಭಾರತೀಯ ಮಾನಕ ಐಎಸ್ 4926 ಹೇಳುತ್ತೆ. ಆರು ಘನ ಮೀಟರಿನ ಗಾಡಿಯಾದರೆ ಈ ಮೋಲ್ಡಿಗೆ ಮೂರು ಗಾಡಿ. ಮೂರೂ ಒಟ್ಟಿಗೆ ಬಂದು ರಸ್ತೆಯಲ್ಲಿ ನಿಂತರೆ ಕೊನೆಯದು ಗಟ್ಟಿಯಾಗಲು ಶುರುವಾಗುತ್ತೆ. ನಡುವೆ ಎಷ್ಟು ನಿಮಿಷ ಬಿಡಬೇಕು ಅಂತ ಪ್ಲಾಂಟಿಗೆ ಮೊದಲೇ ಹೇಳಿ. ಪಂಪನ್ನು ಬೇರೆಯಾಗಿ ಬುಕ್ ಮಾಡಬೇಕು. ಬೆಂಗಳೂರಿನಂಥ ಊರಿನಲ್ಲಿ ದಟ್ಟಣೆಯ ಹೊತ್ತಿಗೆ ಭಾರಿ ಗಾಡಿ ಬಿಡುವುದಿಲ್ಲ, ಆ ಹೊತ್ತು ತಪ್ಪಿಸಿ ಸಮಯ ಗೊತ್ತು ಮಾಡಿಕೊಳ್ಳಿ.

ಹೆಜ್ಜೆ 5: ಗೋಡೆಯೊಳಗೆ ಹೂತುಹೋಗುವುದನ್ನು ಮೊದಲು ತೀರ್ಮಾನಿಸಿ

ನನ್ನ ಪ್ರಕಾರ ಈ ಲೇಖನದಲ್ಲಿ ಮುಖ್ಯವಾದದ್ದು ಇದು. ಕೊನೆಗೆ ಕಣ್ಣಿಗೆ ಕಾಣುವ ವಸ್ತುಗಳ ತೀರ್ಮಾನ ಬಹಳ ಮೊದಲೇ ಆಗಬೇಕು, ಯಾಕೆಂದರೆ ಅವುಗಳ ಒಂದು ಭಾಗ ಗೋಡೆಯಲ್ಲೋ ಸ್ಲ್ಯಾಬಿನಲ್ಲೋ ಹೂತಿರುತ್ತೆ.

ಬಚ್ಚಲುಮನೆಯ ಡೈವರ್ಟರ್ ನೋಡಿ. ಬಿಸಿನೀರು ತಣ್ಣೀರು ಬೆರೆಸುವ ಆ ಹಿಡಿಕೆ ಹೊರಗೆ ಕಾಣುತ್ತೆ. ಅದರ ಹಿತ್ತಾಳೆಯ ದೇಹ ಗೋಡೆಯೊಳಗೆ, ಟೈಲ್ಸಿನ ಹಿಂದೆ ಇರುತ್ತೆ. ಒಂದು ಕಂಪನಿಯ ದೇಹಕ್ಕೆ ಇನ್ನೊಂದು ಕಂಪನಿಯ ಹಿಡಿಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ಒಂದು ಮನೆಯಲ್ಲಿ ಯಜಮಾನರು "ನಲ್ಲಿಗಳು ಕೊನೆಗೆ ತಾನೇ, ಆಮೇಲೆ ನೋಡೋಣ" ಅಂದರು. ಪ್ಲಂಬರ್ ಪೈಪಿನ ಬಾಯಿಗೆ ಬಿರಡೆ ಹಾಕಿ ಹೋದ. ಟೈಲ್ಸ್ ಆಯಿತು, ಗ್ರೌಟ್ ತುಂಬಿ ಒರೆಸಿಯೂ ಆಯಿತು. ಎರಡು ತಿಂಗಳ ಮೇಲೆ ಅವರು ಇಷ್ಟಪಟ್ಟು ತಂದ ಡೈವರ್ಟರ್ ಕೂರಿಸಲು ಮೂರು ಟೈಲ್ಸ್ ಒಡೆಯಬೇಕಾಯಿತು. ಅದೇ ಬ್ಯಾಚಿನ ಟೈಲ್ಸ್ ಮತ್ತೆ ಸಿಗಲಿಲ್ಲ. ಆ ಗೋಡೆಯಲ್ಲಿ ಇವತ್ತಿಗೂ ಮೂರು ಚೌಕ ಒಂಚೂರು ಬೇರೆ ಬಣ್ಣ.

ಹೀಗೇ ಎಸಿ. ಎಲ್ಲಿ ಕೂರುತ್ತೆ ಅಂತ ಗೊತ್ತಾದರೆ ನೀರು ಹೋಗುವ ಪೈಪು ಗೋಡೆಯೊಳಗೆ ಹೋಗುತ್ತೆ, ಇಲ್ಲದಿದ್ದರೆ ಹೊರಗೆ ನೇತಾಡುತ್ತೆ. ಲಿಫ್ಟ್ ಬೇಕಾದರೆ ಕಂಪನಿ ಯಾವುದು ಅಂತ ಪಾಯ ತೋಡುವ ಮೊದಲೇ ಗೊತ್ತಿರಬೇಕು, ಕೆಳಗಿನ ಗುಂಡಿಯ ಆಳ ಕಂಪನಿಯಿಂದ ಕಂಪನಿಗೆ ಬೇರೆ. ಸೋಲಾರ್ ಬಿಸಿನೀರಿನ ಪೈಪು, ಇನ್ವರ್ಟರ್ ಲೈನು, ಅಡುಗೆಮನೆ ಚಿಮಣಿಯ ತೂತು, ವಾಟರ್ ಫಿಲ್ಟರಿನ ಪಾಯಿಂಟು ಎಲ್ಲ ಹೀಗೆಯೇ. ಖರೀದಿ ಆಮೇಲೆ ಆಗಲಿ, ಯಾವ ಮಾಡೆಲ್ ಅನ್ನುವುದು ಈಗ ಆಗಲಿ.

ನೋಟ್‌ಬುಕ್ಕಿನಲ್ಲಿ ಇವಕ್ಕೆ ಪ್ರತ್ಯೇಕ ಹಾಳೆ ಮಾಡಿ. ತಲೆಬರಹ 'ತೀರ್ಮಾನದ ದಿನ' ಅಂತ ಇರಲಿ. ಆ ಹಾಳೆಯ ಫೋಟೋ ತೆಗೆದು ಮನೆಯವರೆಲ್ಲ ಇರುವ ವಾಟ್ಸಾಪ್ ಗ್ರೂಪಿಗೆ ಹಾಕಿ. ಅತ್ತಿಗೆ, ಮಾವ, ವಿದೇಶದಲ್ಲಿರುವ ತಮ್ಮ ಎಲ್ಲರಿಗೂ ಹೇಳುವುದಿರುತ್ತೆ. ಯಾವ ದಿನದೊಳಗೆ ಹೇಳಬೇಕು ಅಂತ ಗೊತ್ತಿದ್ದರೆ ಅವರೂ ಆ ದಿನದೊಳಗೆ ಹೇಳುತ್ತಾರೆ.

ಹೆಜ್ಜೆ 6: ಅಳತೆ ಬೇಕಾದವು

ಕಿಟಕಿ, ಅಡುಗೆಮನೆ, ವಾರ್ಡ್‌ರೋಬು ಇವಕ್ಕೆ ಕಟ್ಟಿದ ಗೋಡೆಯ ಅಳತೆ ಬೇಕು. ನಕ್ಷೆಯಲ್ಲಿ ನಾಲ್ಕು ಅಡಿ ಅಂತಿದ್ದ ಕಿಂಡಿ ಪ್ಲಾಸ್ಟರ್ ಆದ ಮೇಲೆ ಮುಕ್ಕಾಲು ಇಂಚು ಕಮ್ಮಿ ಆಗಿರುತ್ತೆ. ಹಾಗಂತ ಪ್ಲಾಸ್ಟರ್ ಮುಗಿಯುವ ತನಕ ಕಾದರೆ, ಅಲ್ಲಿಂದ ಐದು ವಾರ ಮನೆಗೆ ಕಿಟಕಿ ಇಲ್ಲ, ಬಣ್ಣದವರು ಬರುವ ಹಾಗಿಲ್ಲ.

ಇದಕ್ಕೊಂದು ದಾರಿ ಇದೆ. ಕಂಪನಿ, ಬಣ್ಣ, ಗಾಜು, ಬೆಲೆ ಎಲ್ಲವನ್ನೂ ಗೋಡೆ ಏಳುವಾಗಲೇ ತೀರ್ಮಾನಿಸಿ ಸಣ್ಣ ಅಡ್ವಾನ್ಸ್ ಕೊಟ್ಟಿಡಿ. ಮೇಸ್ತ್ರಿಗೆ ಮೊದಲು ಕಿಟಕಿಯ ಅಂಚುಗಳನ್ನು ಮಾತ್ರ ಪ್ಲಾಸ್ಟರ್ ಮಾಡಿ ಕೊಡಲು ಹೇಳಿ. ಎಲ್ಲ ಕಿಟಕಿಯ ಅಂಚು ನಾಲ್ಕೈದು ದಿನದ ಕೆಲಸ. ಅಂಚು ಆದ ಕೂಡಲೇ ಅಳತೆಗೆ ಕರೆಯಿರಿ. ಉಳಿದ ಗೋಡೆ ಪ್ಲಾಸ್ಟರ್ ಆಗುತ್ತಾ, ನೀರು ಕುಡಿಯುತ್ತಾ ಇರುವ ಹೊತ್ತಿಗೆ ಫ್ಯಾಕ್ಟರಿಯಲ್ಲಿ ಕಿಟಕಿ ತಯಾರಾಗುತ್ತಿರುತ್ತೆ.

ಮೋಲ್ಡ್ ಹಾಕಿದ ಮೇಲಿನ ದಿನಗಳನ್ನೂ ಹೀಗೆ ಬಳಸಿಕೊಳ್ಳಬಹುದು. ಐಎಸ್ 456 ಪ್ರಕಾರ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಅಡಿ ಜಾಕಿ ಕನಿಷ್ಠ 7 ದಿನ ಇರಬೇಕು, ಅದಕ್ಕಿಂತ ಅಗಲವಿದ್ದರೆ 14 ದಿನ. ಬೀಮಿಗೆ 6 ಮೀಟರ್‌ವರೆಗೆ 14 ದಿನ, ಅದರ ಮೇಲೆ 21. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೆ ಎಂಜಿನಿಯರ್ ಇನ್ನೂ ಕೆಲವು ದಿನ ಬಿಡಲು ಹೇಳಬಹುದು. ಆ ಎರಡು ಮೂರು ವಾರ ಕೆಳಗೆ ಗೋಡೆ ಕಟ್ಟಲಾಗುವುದಿಲ್ಲ. ಆಗ ಬ್ಲಾಕು ತರಿಸಿದರೆ ಇಡಲು ಜಾಗವೂ ಇರುವುದಿಲ್ಲ. ಟೈಲ್ಸ್, ನಲ್ಲಿ, ಕಿಟಕಿ ಅಂಗಡಿ ಸುತ್ತಲು ಅದೇ ಒಳ್ಳೆಯ ಸಮಯ.

ಹೆಜ್ಜೆ 7: ಕ್ಯಾಲೆಂಡರ್ ಬಿಚ್ಚಿಟ್ಟುಕೊಂಡು ಮತ್ತೊಮ್ಮೆ ನೋಡಿ

ನಿಮ್ಮ ಆರ್ಡರ್ ದಿನಗಳನ್ನು ಹಬ್ಬ ಮತ್ತು ಮಳೆಯ ಎದುರು ಇಟ್ಟು ನೋಡಿ. ಆಯುಧಪೂಜೆಯ ಆಸುಪಾಸು ಲಾರಿ, ಕ್ರಷರ್, ವರ್ಕ್‌ಶಾಪು ಎರಡು ಮೂರು ದಿನ ನಿಂತೇ ನಿಲ್ಲುತ್ತವೆ. ದೀಪಾವಳಿಗೆ ರಾಜಸ್ಥಾನದ ಬಡಗಿಗಳು, ಗ್ರಾನೈಟ್ ಹಾಕುವವರು ಊರಿಗೆ ಹೋಗುತ್ತಾರೆ. ಬಿಹಾರದವರು ದೀಪಾವಳಿಯಾಗಿ ಆರನೇ ದಿನ ಬರುವ ಛಠ್ ಹಬ್ಬ ಮುಗಿಸಿಯೇ ಊರಿಂದ ಹೊರಡುವುದು. ಕಲಬುರಗಿ, ಯಾದಗಿರಿ ಕಡೆಯ ಗಾರೆ ಕೆಲಸದವರಿಗೆ ಎಳ್ಳಮಾವಾಸ್ಯೆ, ಯುಗಾದಿ, ಊರ ಜಾತ್ರೆ ಬಿಡುವ ಹಾಗಿಲ್ಲ. ಹೋಗಬೇಡಿ ಅಂತ ಹಿಡಿದು ನಿಲ್ಲಿಸುವುದು ಸರಿಯಲ್ಲ. ಯಾವತ್ತು ಹೋಗಿ ಯಾವತ್ತು ಬರುತ್ತೀರಿ ಅಂತ ತಿಂಗಳು ಮುಂಚೆ ಕೇಳಿ ಬರೆದಿಟ್ಟುಕೊಳ್ಳಿ.

ಆಷಾಢದಲ್ಲಿ ಗೃಹಪ್ರವೇಶ ಮಾಡುವುದಿಲ್ಲ. ಹಾಗಾಗಿ ಅದಕ್ಕೆ ಮೊದಲೇ ಮುಗಿಸಬೇಕು ಅಂತ ಎಲ್ಲರೂ ಒಟ್ಟಿಗೆ ಓಡುತ್ತಾರೆ. ಏಪ್ರಿಲ್, ಮೇನಲ್ಲಿ ಬಣ್ಣದವರು, ಬಡಗಿಗಳು, ಅಡುಗೆಮನೆ ಮಾಡುವವರು ಕೈಗೆ ಸಿಗುವುದಿಲ್ಲ. ಆ ಎರಡು ತಿಂಗಳಲ್ಲಿ ಬೇಕಾದ ಸಾಮಾನಿಗೆ ಅವರು ಹೇಳುವ ದಿನದ ಮೇಲೆ ಎರಡು ವಾರ ಸೇರಿಸಿ.

ಇಟ್ಟಿಗೆಯಲ್ಲಿ ಮನೆ ಕಟ್ಟುವವರು ಮಳೆಯನ್ನು ವಿಶೇಷವಾಗಿ ಗಮನಿಸಬೇಕು. ಹಸಿ ಇಟ್ಟಿಗೆ ಬಯಲಲ್ಲಿ ಒಣಗಬೇಕಾದ್ದರಿಂದ ಮಳೆಗಾಲದಲ್ಲಿ ಸಾಂಪ್ರದಾಯಿಕ ಗೂಡುಗಳು ನಿಲ್ಲುತ್ತವೆ. ಬೇಸಿಗೆಯಲ್ಲಿ ಸುಟ್ಟಿಟ್ಟ ದಾಸ್ತಾನೇ ಆಗಸ್ಟ್, ಸೆಪ್ಟೆಂಬರಿಗೆ. ಆಗ ಬೆಲೆ ಜಾಸ್ತಿ, ಆರಿಸಿ ತೆಗೆದುಕೊಳ್ಳಲು ಆಗುವುದಿಲ್ಲ. ಆಗಸ್ಟಿನಲ್ಲಿ ಗೋಡೆ ಏಳುವುದಾದರೆ ಇಟ್ಟಿಗೆಯನ್ನು ಮೇ ತಿಂಗಳಲ್ಲೇ ಕೊಂಡು ಗೂಡಿನವರ ಬಳಿಯೇ ಇಡಿಸಿ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮಳೆಯಾದರೆ, ಬೆಂಗಳೂರು ಕಡೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಜೋರು. ನಿಮ್ಮ ಊರಿನ ಮಳೆ ನೋಡಿ ದಿನ ಹಾಕಿ.

ಹೆಜ್ಜೆ 8: ಬೇಗ ತಂದರೂ ನಷ್ಟ

ಇಷ್ಟು ಓದಿ "ಹಾಗಾದರೆ ಎಲ್ಲ ಮೊದಲೇ ತಂದಿಟ್ಟುಬಿಡೋಣ" ಅನ್ನಿಸಬಹುದು. ನಾನು ಆ ತಪ್ಪು ಮಾಡಿದ್ದೇನೆ. ಒಂದು ಮೇ ತಿಂಗಳಲ್ಲಿ ಸಿಮೆಂಟ್ ಬೆಲೆ ಏರುತ್ತೆ ಅಂತ ಕೇಳಿ 200 ಚೀಲ ಇಳಿಸಿಕೊಂಡೆ. ಚೀಲಕ್ಕೆ ಒಂದಿಷ್ಟು ಉಳಿಯಿತು ಅಂತ ಸಮಾಧಾನವೂ ಆಗಿತ್ತು. ಕಂಬಿ ತಡವಾಯಿತು, ಆಮೇಲೆ ಮಳೆ ಹಿಡಿಯಿತು. ಜುಲೈನಲ್ಲಿ ಟಾರ್ಪಾಲ್ ಎತ್ತಿ ಕೆಳಗಿನ ಸಾಲಿನ ಚೀಲದ ಮೂಲೆ ಅದುಮಿದರೆ ಕಲ್ಲು. ಬಿಚ್ಚಿ ಗಂಟನ್ನು ಬೆರಳಲ್ಲಿ ಒತ್ತಿದೆ, ಪುಡಿಯಾಗಲಿಲ್ಲ. ಮೇಸ್ತ್ರಿ ಏನೂ ಹೇಳಲಿಲ್ಲ, ಒಂದೊಂದೇ ಚೀಲ ಎತ್ತಿ ಪಕ್ಕಕ್ಕೆ ಇಟ್ಟರು. ಮೂವತ್ತೊಂದು ಚೀಲ. ಮನೆಯವರಿಗೆ ಆ ದುಡ್ಡು ನಾನೇ ಕೊಟ್ಟೆ.

ಸಿಮೆಂಟು ಚೆನ್ನಾಗಿ ಇಟ್ಟರೂ ಮೂರು ತಿಂಗಳಲ್ಲಿ ಸುಮಾರು ಐದನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತೆ ಅನ್ನುವುದು ಎಂಜಿನಿಯರುಗಳು ಇಟ್ಟುಕೊಂಡಿರುವ ಅಂದಾಜು. ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತೆ. ಇಳಿಸಿಕೊಳ್ಳುವಾಗಲೇ ನೋಡಿ. ಹಲಗೆ ಹಾಕಿ ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ಗೋಡೆಗೆ ತಾಗದ ಹಾಗೆ, ಒಂದರ ಮೇಲೊಂದು ಹತ್ತು ಚೀಲ ಮೀರದಂತೆ ಜೋಡಿಸಿ. ಮೊದಲು ಬಂದದ್ದು ಮೊದಲು ಖರ್ಚಾಗಲಿ.

ದಿನಾ ಖರ್ಚಾಗುವ ಸಾಮಾನಿಗೆ ಒಂದು ಗೆರೆ ಇಟ್ಟುಕೊಳ್ಳಿ. ಗೋಡೆ ಕೆಲಸಕ್ಕೆ ದಿನಕ್ಕೆ ಎಂಟು ಚೀಲ ಹೋಗುತ್ತೆ, ಫೋನ್ ಮಾಡಿದರೆ ಎರಡು ದಿನದಲ್ಲಿ ಬರುತ್ತೆ ಅಂತಾದರೆ ಆ ಎರಡು ದಿನಕ್ಕೆ ಹದಿನಾರು ಚೀಲ. ಒಂದು ದಿನ ತಡವಾದರೆ ಅಂತ ಇನ್ನೊಂದು ಎಂಟು. ಇಪ್ಪತ್ನಾಲ್ಕು ಚೀಲ ಉಳಿದಾಗ ಫೋನ್ ಮಾಡಬೇಕು. ಕೊನೆಯಿಂದ ಎಣಿಸಿ ಇಪ್ಪತ್ನಾಲ್ಕನೇ ಚೀಲಕ್ಕೆ ಬಣ್ಣ ಬಳಿದಿಡಿ, ಅದು ಕಂಡ ದಿನ ಹೇಳುವುದು ವಾಚ್‌ಮನ್‌ಗೂ ಗೊತ್ತಾಗುತ್ತೆ.

ಕಂಬಿ ನೆಲಕ್ಕೆ ತಾಗಬಾರದು, ಮರಳು ಚರಂಡಿ ಪಕ್ಕ ಸುರಿಯಬಾರದು. 30×40ರಲ್ಲಿ ಮನೆ ಎದ್ದ ಮೇಲೆ ಉಳಿಯುವುದು ಮುಂದಿನ ಸ್ವಲ್ಪ ಜಾಗ ಮತ್ತು ರಸ್ತೆಯ ಅಂಚು. ಒಂದೇ ವಾರ ಜಲ್ಲಿ, ಬ್ಲಾಕು, ಕಂಬಿ ಮೂರೂ ಬಂದರೆ ಪಕ್ಕದ ಮನೆಯವರು ಗಾಡಿ ತೆಗೆಯುವುದು ಹೇಗೆ? ಯಾವುದು ಎಲ್ಲಿ ಇಳಿಯುತ್ತೆ ಅಂತ ಪುಟ್ಟ ನಕ್ಷೆ ಬರೆದುಕೊಂಡರೆ ಎರಡು ಲೋಡ್ ನಡುವೆ ಎಷ್ಟು ದಿನ ಬಿಡಬೇಕು ಅನ್ನುವುದೂ ತಿಳಿಯುತ್ತೆ.

ಹೆಜ್ಜೆ 9: ಲೋಡ್ ಬಂದ ದಿನ

ತಪ್ಪು ಸಾಮಾನು ಬಂದರೆ ಲೀಡ್ ಟೈಮ್ ಮತ್ತೆ ಮೊದಲಿನಿಂದ ಶುರು. ಅದಕ್ಕೇ ಇಳಿಸುವ ಮುಂಚೆ ನೋಡಬೇಕು. 12 ಮೀಟರಿನ ಒಂದು ಕಂಬಿ 8 ಎಂಎಂ ಆದರೆ ಸುಮಾರು 4.7 ಕೆಜಿ, 10 ಎಂಎಂ 7.4, 12 ಎಂಎಂ 10.7, 16 ಎಂಎಂ 19 ಕೆಜಿ ತೂಗಬೇಕು. ಕಂಬಿ ಎಣಿಸಿ ಗುಣಿಸಿದರೆ ಬಿಲ್ಲಿನ ತೂಕ ಸರಿಯೋ ತಪ್ಪೋ ಗೊತ್ತಾಗುತ್ತೆ. ಮರಳಿಗೆ ಟಿಪ್ಪರಿನ ಉದ್ದ, ಅಗಲ, ತುಂಬಿದ ಎತ್ತರ ಟೇಪಿನಲ್ಲಿ ಅಳೆಯಿರಿ. ಟೈಲ್ಸ್ ಬಾಕ್ಸಿನ ಮೇಲೆ ಬ್ಯಾಚ್ ಮತ್ತು ಶೇಡ್ ನಂಬರ್ ಇರುತ್ತೆ, ಒಂದು ಕೋಣೆಗೆ ಎಲ್ಲ ಒಂದೇ ಇರಬೇಕು. ನೂರಕ್ಕೆ ಐದರಿಂದ ಹತ್ತು ಜಾಸ್ತಿ ತರಿಸಿ, ಎರಡು ಬಾಕ್ಸ್ ಅಟ್ಟದಲ್ಲಿ ಇಟ್ಟಿರಿ.

ದುಡ್ಡಿನ ದಿನವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬ್ಯಾಂಕಿನವರು ಸಾಲವನ್ನು ಹಂತ ಹಂತವಾಗಿ, ಕೆಲಸ ನೋಡಿ ಬಿಡುತ್ತಾರೆ. ಕಿಟಕಿ, ಟೈಲ್ಸ್, ಅಡುಗೆಮನೆ ಮೂರರ ಅಡ್ವಾನ್ಸೂ ಒಂದೇ ವಾರ ಬಿದ್ದರೆ ಕೈ ಕಟ್ಟಿಹೋಗುತ್ತೆ. ಹದಿನೈದು ದಿನ ಅಂತರ ಬರುವ ಹಾಗೆ ಹಿಂದೆ ಮುಂದೆ ಮಾಡಿಕೊಳ್ಳಿ.

ಹೆಜ್ಜೆ 10: ಭಾನುವಾರದ ಅರ್ಧ ಗಂಟೆ

ಪ್ರತಿ ಭಾನುವಾರ ಸಂಜೆ ನೋಟ್‌ಬುಕ್ ತೆಗೆದು ಮುಂದಿನ ಮೂರು ವಾರ ನೋಡಿ. ಈ ವಾರ ಯಾವ ಲೋಡ್ ಬರಬೇಕು, ಯಾವುದಕ್ಕೆ ಆರ್ಡರ್ ಹೋಗಬೇಕು, ಯಾವ ತೀರ್ಮಾನ ಬಾಕಿ ಇದೆ. ಮೇಸ್ತ್ರಿಗೆ ಫೋನ್ ಮಾಡಿ ಕೆಲಸ ಹಿಂದೆ ಬಿದ್ದಿದೆಯಾ ಕೇಳಿ. ಬಿದ್ದಿದ್ದರೆ ಲೋಡುಗಳನ್ನೂ ಅಷ್ಟೇ ದಿನ ಮುಂದಕ್ಕೆ ಹಾಕಿ, ಡೀಲರಿಗೆ ತಿಳಿಸಿ. ಮುಂಚೆ ಹೇಳಿದರೆ ಅವರೂ ಬೇಸರ ಮಾಡಿಕೊಳ್ಳುವುದಿಲ್ಲ. ಲೋಡ್ ಬರಬೇಕಾದ ಹಿಂದಿನ ದಿನ "ಬರುತ್ತಾ" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ಗಾಡಿ ನಂಬರ್, ಡ್ರೈವರ್ ನಂಬರ್ ಕಳಿಸಿ" ಅನ್ನಿ. ಅದು ಬರಲಿಲ್ಲ ಅಂದರೆ ಗಾಡಿ ಹೊರಟಿಲ್ಲ ಅಂತ ಅರ್ಥ. ಎರಡನೇ ಡೀಲರಿಗೆ ಫೋನ್ ಮಾಡಲು ನಿಮಗೆ ಇನ್ನೂ ಒಂದು ದಿನ ಇದೆ.

ಲೋಡ್ ಇಳಿದ ಮೇಲೆ ಆರನೇ ಕಾಲಂ ತುಂಬಿ, ನಿಜವಾಗಿ ಬಂದ ದಿನ. ಮೊದಲ ಮೋಲ್ಡ್ ಮುಗಿಯುವ ಹೊತ್ತಿಗೆ ನಿಮ್ಮ ಡೀಲರ್ ನಾಲ್ಕು ದಿನ ಅಂದರೆ ಆರು ದಿನ, ನಿಮ್ಮ ಕ್ವಾರಿಯವರು ನಾಳೆ ಅಂದರೆ ನಾಡಿದ್ದು ಅಂತ ಆ ಕಾಲಮ್ಮಿನಲ್ಲೇ ಬಂದಿರುತ್ತೆ. ಮೇಲಿನ ಮೋಲ್ಡಿಗೆ ಆ ದಿನಗಳನ್ನೇ ಹಿಡಿದು ಎಣಿಸಿ.